ಸೂರತ್‌ನಿಂದ ಅಹಮದಾಬಾದಿಗೆ ಹೊರಟ ಯಕೃತ್ತು

ಸಿರೋಸಿಸ್‌ನಿಂದ ಗಡುಸಾದ ಯಕೃತ್ತು ತಾನೊಂದೇ ಕೆಡುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಮೂತ್ರಪಿಂಡ ಸೊರಗುತ್ತದೆ, ಮಂಪರು ಕವಿಯುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆಯುತ್ತವೆ. ವೈದ್ಯರು ಎಂಡೋಸ್ಕೋಪಿನ ತುದಿಯಿಂದ ಉಬ್ಬಿದ ನಾಳಕ್ಕೆ ಪುಟ್ಟ ರಬ್ಬರ್ ಉಂಗುರ ತೊಡಿಸಿ ರಕ್ತಸ್ರಾವ ತಡೆಯುತ್ತಾರೆ, ಲ್ಯಾಕ್ಟುಲೋಸ್ ಕೊಟ್ಟು ಮಂಪರು ಇಳಿಸುತ್ತಾರೆ. ಇದೆಲ್ಲ ರೋಗಿಗೆ ಕಾಲಾವಕಾಶ ಗಳಿಸಿಕೊಡುವ ಅಮೂಲ್ಯ ಕೆಲಸ. ರೋಗ ಮಿತಿಮೀರಿದರೆ ಹೊಸ ಯಕೃತ್ತೇ ಬೇಕು.

ಗುಜರಾತಿನಲ್ಲಿ ಅದು ಎಷ್ಟೋ ಸಲ ಸೂರತ್‌ನಿಂದ ಬರುತ್ತದೆ. ಮಿದುಳು ನಿಷ್ಕ್ರಿಯಗೊಂಡವರ ಕುಟುಂಬ, ದುಃಖದ ನಡುವೆಯೇ, ಅಂಗದಾನಕ್ಕೆ ಒಪ್ಪಿಗೆ ಕೊಡುತ್ತದೆ. ಶಸ್ತ್ರವೈದ್ಯರು ಯಕೃತ್ತಿನ ರಕ್ತವನ್ನು ತಣ್ಣನೆಯ ಸಂರಕ್ಷಕ ದ್ರಾವಣದಿಂದ ತೊಳೆದು, ಅದೇ ದ್ರಾವಣದಲ್ಲಿ ಮುಳುಗಿಸಿ, ಒಂದರೊಳಗೊಂದು ಚೀಲ ಕಟ್ಟಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುತ್ತಾರೆ. ಮಂಜುಗಡ್ಡೆ ನೇರವಾಗಿ ತಾಗಿದರೆ ಅಂಗಾಂಶ ಹೆಪ್ಪುಗಟ್ಟಿ ಹಾಳಾಗುತ್ತದೆ. ಈ ಎಚ್ಚರವೇ ಇಡೀ ಕಸುಬಿನ ಜೀವಾಳ. ಸಾಮಾನ್ಯವಾಗಿ 12 ಗಂಟೆಯೊಳಗೆ ಅದಕ್ಕೆ ಮತ್ತೆ ರಕ್ತ ಹರಿಯಬೇಕು. ಹಾಗಾಗಿ ಭರೂಚ್, ವಡೋದರಾ ಮಾರ್ಗದ ಸುಮಾರು 265 ಕಿಲೋಮೀಟರ್ ಹೆದ್ದಾರಿಯಲ್ಲಿ ಪೊಲೀಸರು ಆಂಬ್ಯುಲೆನ್ಸ್‌ಗೆ ದಾರಿ ತೆರವು ಮಾಡಿಕೊಡುತ್ತಾರೆ. ಅಹಮದಾಬಾದಿನಲ್ಲಿ ಡಾ. ಎಚ್.ಎಲ್. ತ್ರಿವೇದಿ ಕಟ್ಟಿ ಬೆಳೆಸಿದ ಕಿಡ್ನಿ ಸಂಸ್ಥೆ ಯಕೃತ್ತಿನ ಕಸಿಯನ್ನೂ ಮಾಡುತ್ತದೆ. ಕಸಿಯಾದವರು ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್‌ನಂಥ ಔಷಧಿಯನ್ನು ಸಾಮಾನ್ಯವಾಗಿ ಜೀವನಪರ್ಯಂತ ಸೇವಿಸಬೇಕು. ಅದರ ಪ್ರಮಾಣವನ್ನು ರಕ್ತಪರೀಕ್ಷೆ ನೋಡಿ ಹೊಂದಿಸಲಾಗುತ್ತದೆ.