ಮಂಡಿ ಎಣಿಸುವ ಚಪ್ಪಾಳೆ

ಮೊನ್ನೆ ಸಿಗಂದೂರಿನ ಹತ್ತಿರ ಮಕ್ಕಳ ಯಕ್ಷಗಾನ ನೋಡಿದೆ. ಪ್ರಸಂಗ ‘ಅಭಿಮನ್ಯು ಕಾಳಗ’. ಅಭಿಮನ್ಯುವಿಗೆ ಹತ್ತು-ಹನ್ನೊಂದು ವರ್ಷ ಇರಬಹುದು. ಮಾತು ಸ್ಪಷ್ಟ, ತಾಳ ತಪ್ಪಲಿಲ್ಲ. ಯುದ್ಧಕ್ಕೆ ಹೊರಟು ಸುಭದ್ರೆಯ ಅಪ್ಪಣೆ ಕೇಳುವಾಗ ದನಿ ತಗ್ಗಿಸಿದ್ದಂತೂ ದೊಡ್ಡ ಕಲಾವಿದರಿಗೂ ಪಾಠ. ಆಮೇಲೆ ಚಕ್ರವ್ಯೂಹ. ಹುಡುಗ ಮಂಡಿಯೂರಿ ಗಿರಗಿರ ಸುತ್ತತೊಡಗಿದ. ಹಿಂದಿನ ಸಾಲಿನಲ್ಲಿ ಎಣಿಕೆ ಶುರುವಾಯ್ತು. ಇಪ್ಪತ್ತು ದಾಟಿದಾಗ ಶಿಳ್ಳೆ. ಮೇಲೆ ಎದ್ದವನು ಬಲಗಾಲು ಊರಲು ಒಂದು ಕ್ಷಣ ಹಿಂಜರಿದ. ಶಿಳ್ಳೆ ಹೊಡೆದವರಿಗೆ ಅದು ಕಾಣಲಿಲ್ಲ.

ನನ್ನ ತಕರಾರು ಹುಡುಗನ ಮೇಲಲ್ಲ, ಮಂಡಿ ಕುಣಿತದ ಮೇಲೂ ಅಲ್ಲ. ಬಡಗುತಿಟ್ಟಿನ ಚೆಲುವುಗಳಲ್ಲಿ ಅದೂ ಒಂದು. ಆದರೆ ವ್ಯೂಹದೊಳಗೆ ಸಿಕ್ಕಿಬಿದ್ದವನ ರಭಸ ತೋರಿಸೋಕೆ ನಾಲ್ಕು ಸುತ್ತು ಸಾಕು. ಇಪ್ಪತ್ತಾದರೆ ಅಭಿಮನ್ಯು ಮಾಯವಾಗಿ ಲೆಕ್ಕ ಮಾತ್ರ ಉಳಿಯುತ್ತೆ.

ಹಿಂದೆಲ್ಲ ಮೇಳ ಸೇರಿದ ಹುಡುಗ ನೇರವಾಗಿ ಅಭಿಮನ್ಯು ಆಗ್ತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷ ಅಂತ ಕುಣಿದು ಕಾಲು ಪಳಗಿದ ಮೇಲೆ ಪುಂಡುವೇಷ. ಜಿಮ್‌ಗೆ ಹೋಗುವ ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಭಾರ ಹಂತಹಂತವಾಗಿ ಏರ್ತಿತ್ತು. ಕಾಲಮಿತಿ ಪ್ರದರ್ಶನ ಬಂದು ಪೂರ್ವರಂಗ ಮೊಟಕಾಯ್ತು. ಏಣಿಯ ಕೆಳಗಿನ ಮೆಟ್ಟಿಲುಗಳೇ ಹೋದವು.

ತಮಾಷೆ ನೋಡಿ, ಮಗನ ಇಪ್ಪತ್ತು ಮಂಡಿಗೆ ಚಪ್ಪಾಳೆ ತಟ್ಟುವ ಅಪ್ಪ-ಅಮ್ಮಂದಿರೇ, ಅವನ ಕೈಗೆ ಎರಡು ಕೆಜಿ ಡಂಬೆಲ್ ಕೊಟ್ಟರೆ ‘ಎತ್ತರ ನಿಂತುಹೋಗುತ್ತೆ’ ಅಂತ ಹೆದರ್ತಾರೆ. ತಿಳಿದವರ ಕಣ್ಣೆದುರು ಹದವಾಗಿ ಮಾಡಿದ ಬಲದ ವ್ಯಾಯಾಮದಿಂದ ಬೆಳವಣಿಗೆ ನಿಲ್ಲೋದಿಲ್ಲ. 5ರಿಂದ 17 ವರ್ಷದವರಿಗೆ ವಾರದಲ್ಲಿ ಕನಿಷ್ಠ 3 ದಿನ ಸ್ನಾಯು, ಮೂಳೆ ಗಟ್ಟಿಮಾಡುವ ಚಟುವಟಿಕೆ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಪ್ರಾಯಕ್ಕೆ ಬರುವ ಮುಂಚೆ ಸ್ನಾಯು ಅಷ್ಟಾಗಿ ದಪ್ಪ ಆಗೋದಿಲ್ಲ. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸೋದನ್ನು ನರಗಳು ಕಲಿಯುತ್ತವೆ, ಬಲ ಹೆಚ್ಚೋದು ಹಾಗೆ. ಆದರೆ ಮಂಡಿಚಿಪ್ಪಿನ ಕೆಳಗೆ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ ಆ ವಯಸ್ಸಲ್ಲಿ ಇನ್ನೂ ಎಳೆಯದು. ಜಿಗಿತ, ಮಂಡಿಯೂರುವುದು ಮಿತಿಮೀರಿದರೆ ನೋವು, ಬಾವು ಬರೋದು ಅಲ್ಲೇ.

ಹೆಜ್ಜೆ ಕಲಿಸುವ ಮುಂಚೆ ಹದಿನೈದು ನಿಮಿಷ ಬೈಠಕ್, ಒಂಟಿಕಾಲಿನ ನಿಲುವು, ಸೊಂಟದ ಕಸರತ್ತು ಮಾಡಿಸಲಿ. ತೊಡೆ ಗಟ್ಟಿಯಾದ ಮೇಲೆ ಮಂಡಿ ಬರಲಿ, ಅದೂ ಕಥೆಗೆ ಬೇಕಾದಷ್ಟೇ. ಇದು ಗುರುಗಳ ಕೈಯಲ್ಲಿದೆ. ನಮ್ಮ ಕೈಯಲ್ಲಿರೋದು ಚಪ್ಪಾಳೆ. ಮುಂದಿನ ಸಲ ಪಕ್ಕದವರು ಎಣಿಸೋಕೆ ಶುರು ಮಾಡಿದ್ರೆ ನೀವು ಸುಮ್ಮನಿರಿ. ಸುಭದ್ರೆಯ ಎದುರು ತಗ್ಗಿದ ಆ ದನಿಗೆ ಜೋರಾಗಿ ತಟ್ಟಿ.