ನಲ್ಲಿ ನೀರು ಮತ್ತು ಗಣಿಯ ಧೂಳು: ಹಂಬಲಿಸುವ ಹಕ್ಕು ಯಾರದು?

ಕನ್ನಡದಲ್ಲಿ ಬಾಲ್ಯದ ನೆನಪು ಅಂದರೆ ಅದಕ್ಕೊಂದು ಸಿದ್ಧ ನಕಾಶೆಯಿದೆ. ತೊಟ್ಟಿಮನೆ, ಹಿತ್ತಲು, ಹೊಳೆ, ದೇವಸ್ಥಾನದ ಜಗಲಿ, ಕಥೆ ಹೇಳುವ ಅಜ್ಜಿ. ನವೋದಯದವರ ಬರಹಗಳಿಂದ ಇವತ್ತಿನ ಭಾನುವಾರದ ಪುರವಣಿಗಳವರೆಗೆ ಈ ನಕಾಶೆ ಹೆಚ್ಚೇನೂ ಬದಲಾಗಿಲ್ಲ. ಇಲ್ಲಿ 'ನಮ್ಮೂರು' ಎಂಬ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮಗಾದರೋ ಆ ಮಾತೇ ತೊಡಕು. ಕೇರಿಯವನು 'ನಮ್ಮೂರು' ಅಂದರೆ ಯಾವ ಊರು? ಅವನನ್ನು ಹೊರಗಿಟ್ಟ ಊರೇ? ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಎಂದು ಹೆಸರಿಟ್ಟಾಗ ಈ ಪ್ರಶ್ನೆ ರಟ್ಟಿನ ಮೇಲೇ ಬಂದು ಕೂತಿತು.

ಆದ್ದರಿಂದ ದಲಿತ ವಿಮರ್ಶೆ ಗತಕಾಲದ ಹಂಬಲವನ್ನು ಸಂಶಯದಿಂದ ನೋಡುತ್ತಾ ಬಂದದ್ದು ಸಹಜ. ಹಳೆಯದು ಚೆನ್ನಾಗಿತ್ತು ಅನ್ನುವವನು ಯಾರ ಹೆಗಲ ಮೇಲೆ ಕೂತಿದ್ದ ಅಂತ ಮೊದಲು ಕೇಳಬೇಕು. ಈ ಸಂಶಯ ಸರಿಯಾದುದೇ. ಆದರೆ ಅದು ಅರ್ಧ ಮಾತ್ರ ಸರಿ ಎಂಬುದು ನನ್ನ ಈಚಿನ ಅನುಮಾನ. ನಮ್ಮವರೂ ಹಂಬಲಿಸುತ್ತಾರೆ. ಯಾವುದಕ್ಕೆ ಹಂಬಲಿಸುತ್ತಾರೆ ಎಂಬುದನ್ನು ನಾವು ಇನ್ನೂ ಓದಿಲ್ಲ.

ನನ್ನದೇ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಕೇರಿ ನನ್ನದು. ಊರ ಬಾವಿಯ ಹತ್ತಿರ ಅವ್ವ ಬಿಂದಿಗೆ ಇಟ್ಟು ದೂರ ನಿಲ್ಲುತ್ತಿದ್ದಳು. ಯಾರಾದರೂ ಪುಣ್ಯಾತ್ಮರು ಮೇಲಿಂದ ಹುಯ್ದರೆ ನೀರು, ಇಲ್ಲದಿದ್ದರೆ ಇಲ್ಲ. ಬೇಸಿಗೆ ರಜೆ ಬಂದರೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್‌ನಲ್ಲಿದ್ದ ಮಾಮನ ಮನೆಗೆ ಹೋಗುತ್ತಿದ್ದೆವು. ಮನೆ ಅಂದರೆ ಸಾಲು ಮನೆಗಳ ಲೈನಿನಲ್ಲಿ ಒಂದು ಕೋಣೆ. ಆ ಲೈನಿನ ಕೊನೆಗೊಂದು ನಲ್ಲಿ. ಮೊದಲ ಸಲ ನಾನೇ ಕೈಯಿಂದ ಅದನ್ನು ತಿರುಗಿಸಿ ಬೊಗಸೆಯೊಡ್ಡಿ ಕುಡಿದೆ. ಯಾರೂ ಬೈಯಲಿಲ್ಲ. ಹಿಂದೆ ನಿಂತಿದ್ದ ಹೆಂಗಸು 'ಸೀಕ್ರಂ ಪಾ' ಅಂದಳು. ಬೇಗ ಅಂತ. ಅಷ್ಟೇ. ಐವತ್ತು ವರ್ಷ ಆಗಿರಬೇಕು, ಆ ನೀರಿನ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಇದು ಹಂಬಲವೇ? ಹೌದು. ಆದರೆ ಇದು ತೊಟ್ಟಿಮನೆಯ ಹಂಬಲದಂಥದಲ್ಲ. ತೊಟ್ಟಿಮನೆಯವನು ಕೈತಪ್ಪಿದ ಯಜಮಾನಿಕೆಯನ್ನು ನೆನೆಯುತ್ತಾನೆ. ನಾನು ನೆನೆಯುವುದು ಸಾಲಿನಲ್ಲಿ ನಿಲ್ಲುವ ಹಕ್ಕನ್ನು.

ಈ ಹಕ್ಕು ಆಕಾಶದಿಂದ ಬೀಳಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟಿನ ಕಡೆಯಿಂದ ಸಾವಿರಾರು ಪರೆಯ ಕುಟುಂಬಗಳು ಬಂದವು. ಬರ ಓಡಿಸಿದ್ದು ನಿಜ. ಅವರು ಬಿಟ್ಟು ಓಡಿಬಂದದ್ದು ಒಡೆಯರ ಹೊಲದ ಜೀತವನ್ನೂ ಕೂಡ. ಇಲ್ಲಿಯೂ ಬಿದಿರು ತಟ್ಟಿಯ ಗುಡಿಸಲೇ, ಬಿಳಿ ದೊರೆಯ ಗದರಿಕೆಯೇ. ಆದರೂ ಕೂಲಿ ದುಡ್ಡಿನಲ್ಲಿ ಬರುತ್ತಿತ್ತು, ಕಣದ ಮೂಲೆಯ ಕಾಳಿನಲ್ಲಲ್ಲ. ಪಂಡಿತ ಅಯೋತಿದಾಸರ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರುಬಿಟ್ಟವು. ಅವರು ತೀರಿಕೊಂಡು ನಿಂತುಹೋಗಿದ್ದ 'ತಮಿಳನ್' ಪತ್ರಿಕೆ 1926ರಲ್ಲಿ ಮತ್ತೆ ಹುಟ್ಟಿದ್ದು ಈ ಗಣಿಯೂರಿನಲ್ಲೇ. ಅಂಬೇಡ್ಕರ್ ಬೌದ್ಧಧರ್ಮ ಸ್ವೀಕರಿಸಿದ್ದು 1956ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಗಣಿಯಿಂದ ಮೇಲೆ ಬಂದವರು ಇಲ್ಲಿ ಬುದ್ಧನ ಬಗ್ಗೆ ಚರ್ಚೆ ಮಾಡುತ್ತಿದ್ದರು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆಯುವ ಕಾನೂನು ಬಂದಾಗ, ಸಂಘವೆಂಬುದೇ ಇಲ್ಲದ ಜನ ಸುಮಾರು ಮೂರು ವಾರ ಮುಷ್ಕರ ಹೂಡಿದರು. ನಾವು ಕಳ್ಳರಲ್ಲ ಎಂಬುದು ಆ ಮುಷ್ಕರದ ಒಳಗಿದ್ದ ಮಾತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಸತ್ತರು. ನಾನು ತಿರುಗಿಸಿದ ನಲ್ಲಿಯ ಹಿಂದೆ ಇಷ್ಟು ದೊಡ್ಡ ಪೈಪು ಇತ್ತು.

ಇದೇ ಕೆಜಿಎಫ್ ಬಗ್ಗೆ ಇನ್ನೊಂದು ಹಂಬಲವೂ ಉಂಟು: 'ಲಿಟಲ್ ಇಂಗ್ಲೆಂಡ್'. ಕ್ಲಬ್ಬು, ಗಾಲ್ಫ್ ಮೈದಾನ, ಕ್ರಿಸ್‌ಮಸ್ ಕುಣಿತ, ತಂಪು ಹವೆ, 1902ರಲ್ಲೇ ಶಿವನಸಮುದ್ರದಿಂದ ಬಂದ ಕರೆಂಟು. ಇದೂ ಸುಳ್ಳಲ್ಲ. ಆದರೆ ಈ ಚಿತ್ರದಲ್ಲಿ ನೆಲದ ಕೆಳಗೆ ಇಳಿದವನು ಇಲ್ಲ. ಇದ್ದರೂ ಟ್ರೇ ಹಿಡಿದು ನಿಂತಿರುತ್ತಾನೆ. 2018 ಮತ್ತು 2022ರಲ್ಲಿ ಬಂದ 'ಕೆಜಿಎಫ್' ಸಿನಿಮಾಗಳು ಇಂಥ ಅಳಿಸುವಿಕೆಯನ್ನು ಇನ್ನೂ ಮುಂದೆ ಒಯ್ದವು. ಅಲ್ಲಿನ ಗಣಿಯ ಜನ ಮುಖವಿಲ್ಲದ ಗುಲಾಮರು. ಒಬ್ಬ ನಾಯಕ ಬಂದು ಬಿಡಿಸುವವರೆಗೆ ಕಾಯುವುದೇ ಅವರ ಕೆಲಸ. ಕಲ್ಪನೆಯ ಕಥೆ ಅನ್ನಬಹುದು. ಹೆಸರನ್ನು ಮಾತ್ರ ನಿಜದ ಊರಿನಿಂದ ಎತ್ತಿಕೊಂಡ ಮೇಲೆ ಆ ಊರಿನ ಮುಷ್ಕರಗಳನ್ನು ಯಾರು ನುಂಗಿದರು ಎಂದು ಕೇಳುವ ಹಕ್ಕು ನಮಗಿದೆ. ಈ ಗಣಿಯ ಮೊದಲ ದಿನಗಳಿಗೆ ದಲಿತರನ್ನೇ ಕರ್ತೃಗಳನ್ನಾಗಿ ಮಾಡಲು ಹೊರಟ ಪಾ. ರಂಜಿತ್ ಅವರ 'ತಂಗಲಾನ್' (2024) ಬಂದದ್ದು ತಮಿಳಿನಲ್ಲಿ. ಕೆಜಿಎಫ್ ಕನ್ನಡ ನಾಡಿನೊಳಗೇ ಇದ್ದರೂ ಅಲ್ಲಿನ ಮನೆಮಾತು ತಮಿಳು ಎಂಬ ಕಾರಣಕ್ಕೆ ನಮ್ಮ ಸಾಹಿತ್ಯ ಚರಿತ್ರೆಗೆ ಅದು ಕಾಣಲೇ ಇಲ್ಲ. ಈ ಕುರುಡು ಕನ್ನಡದ ದಲಿತ ವಿಮರ್ಶೆಗೂ ಇದೆ. ಒಪ್ಪಿಕೊಳ್ಳೋಣ.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಾನೂ ಒಂದು ಸಿಹಿ ನೆನಪು ಬರೆದು ಕೈತೊಳೆದುಕೊಂಡಂತೆ ಆಗುತ್ತಿತ್ತು. ಅದಕ್ಕೆ ಬಿಡದವಳು ನಮ್ಮ ಅತ್ತೆ. ಕೆಲವು ವರ್ಷಗಳ ಹಿಂದೆ ಅವಳ ಮುಂದೆ ಈ ನಲ್ಲಿಯ ಪುರಾಣ ತೆಗೆದೆ. ಅವಳು ನಕ್ಕುಬಿಟ್ಟಳು. 'ನಿಂಗೇನಪ್ಪಾ, ರಜಾಕ್ ಬರ್ತಿದ್ದೆ, ನಲ್ಲಿ ನೋಡಿ ಕುಣೀತಿದ್ದೆ. ಬೆಳಿಗ್ಗೆ ನಾಕು ಗಂಟೆಗೆದ್ದು ಬಿಂದಿಗೆ ಸಾಲಿಗಿಡೋಳು ನಾನು. ಅದ್ಯಾಕೆ ಬರೀತೀಯಾ?' ನನ್ನ ಬಿಡುಗಡೆಯ ನೀರು ಅವಳಿಗೆ ನಿದ್ದೆಗೆಟ್ಟ ಚಾಕರಿಯಾಗಿತ್ತು. ಒಂದೇ ನಲ್ಲಿ, ಎರಡು ನೆನಪು.

ಆಮೇಲೆ ಅವಳೇ ಇನ್ನೊಂದು ನೆನೆಸಿಕೊಂಡಳು. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಲೈನಿನ ಮನೆಗಳಲ್ಲಿ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಹೆಂಗಸರೆಲ್ಲ ಬಾಗಿಲಿಗೆ ಬಂದು ಶಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಸಿಡಿಯದೆ ಬದುಕಿ ಬಂದವರ ಎದೆಗೂಡಿನೊಳಗೆ ಕಲ್ಲಿನ ಧೂಳು ಬಂದು ಕೂರುತ್ತಿತ್ತು. 1940ರ ದಶಕದಲ್ಲಿ ನಡೆದ ತಪಾಸಣೆಯಲ್ಲಿ ಪರೀಕ್ಷೆಗೊಳಗಾದ ಗಣಿಗಾರರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಕಂಡುಬಂದಿತ್ತು. ಹಂಬಲದ ಬರಹದಲ್ಲಿ ಈ ಕೆಮ್ಮು ಕೇಳಿಸದಿದ್ದರೆ ಅದು ಲಿಟಲ್ ಇಂಗ್ಲೆಂಡಿನ ಪಕ್ಕದ ಕೋಣೆಯೇ ಸರಿ.

ಹಾಗಾದರೆ ನಮ್ಮ ಹಂಬಲವನ್ನು ಅಳೆಯುವ ಕೋಲು ಯಾವುದು? ನನಗೆ ತೋಚಿದ್ದು ಇಷ್ಟು. ನೆನಪಿನೊಳಗೆ ದುಡಿದ ಮೈ ಇದೆಯೇ ನೋಡಬೇಕು. ಆ ಸುಖಕ್ಕೆ ಬೆಲೆ ತೆತ್ತವರು, ಅದರಲ್ಲೂ ಹೆಂಗಸರು, ಎದುರು ಮಾತಾಡಲು ಜಾಗ ಇದೆಯೇ ನೋಡಬೇಕು. 'ಊರುಕೇರಿ'ಯ ಶ್ರೀರಾಂಪುರದ ಪುಟಗಳಲ್ಲಿ ಹಸಿವೂ ನಗುವೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ನಗು ಇದೆ ಅಂತ ಹಸಿವನ್ನು ಅಲ್ಲಿ ಯಾರೂ ಮಾಫಿ ಮಾಡಿಲ್ಲ. ಹಾಗಾಗಿಯೇ ಆ ನೆನಪು ಸಾಕ್ಷಿಯಾಗಿ ನಿಲ್ಲುತ್ತದೆ. ಬರೀ ಗೋಳನ್ನೇ ದಲಿತ ಬರಹದಿಂದ ಬಯಸುವ ಓದುಗರೂ ಇದ್ದಾರೆ. ಕೇರಿಯ ಮಕ್ಕಳೂ ಆಡಿದರು, ಪ್ರೀತಿಸಿದರು, ಸಿನಿಮಾಕ್ಕೆ ಕದ್ದು ಹೋದರು ಅಂದರೆ ಅವರಿಗೆ ನಿರಾಸೆ. ಅವರನ್ನು ಮೆಚ್ಚಿಸಲು ನಾವು ನಮ್ಮ ಬಾಲ್ಯವನ್ನು ಮುರಿದುಕೊಡಬೇಕಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸೈನೈಡ್ ಮಣ್ಣಿನ ದಿಬ್ಬಗಳು ಊರ ನಡುವೆ ಉಳಿದವು. ಗಾಳಿ ಎದ್ದರೆ ಆ ಧೂಳು ಇವತ್ತಿಗೂ ಮನೆಯೊಳಗೆ ಬರುತ್ತದೆ. ಲೈನಿನ ಹುಡುಗ ಹುಡುಗಿಯರು ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮಲಗಲು ಮರಳುತ್ತಾರೆ. ಅವರ ಮನೆಗಳಲ್ಲಿ ಹಿರಿಯರು 'ಗಣಿ ಇದ್ದಾಗ ಚೆನ್ನಾಗಿತ್ತು' ಅನ್ನುವುದನ್ನು ನಾನು ಕೇಳಿದ್ದೇನೆ. ಆ ಮಾತನ್ನು ಅಜ್ಞಾನ ಅಂತ ತಳ್ಳಿಹಾಕುವ ವಿಮರ್ಶೆ ನನಗೆ ಬೇಡ. ಖಾಯಂ ಕೂಲಿ, ಸಂಘದ ಬಲ, ತಲೆಯೆತ್ತಿ ನಡೆಯುವ ಬೀದಿ, ಇವನ್ನು ಕಳೆದುಕೊಂಡವರ ಮಾತು ಅದು. ಧೂಳು ತಿಂದು ಸಂಪಾದಿಸಿದ್ದನ್ನು ಧೂಳನ್ನು ಮಾತ್ರ ಉಳಿಸಿ ಕಿತ್ತುಕೊಂಡರು ಎಂಬ ಆರೋಪ ಅದರೊಳಗಿದೆ.

ಆ ರೈಲಿನಲ್ಲಿ ಕೂತ ಯಾರೋ ಒಬ್ಬರು ಇದನ್ನೆಲ್ಲ ಬರೆಯಬೇಕು. ಕನ್ನಡದಲ್ಲೋ ತಮಿಳಿನಲ್ಲೋ, ಎರಡೂ ಬೆರೆತ ಲೈನಿನ ಮಾತಿನಲ್ಲೋ ಬರೆಯಲಿ. ಬರೆಯುವ ಮುಂಚೆ ಒಂದು ಸಲ ಅತ್ತೆಯಂಥವರನ್ನು ಕೇಳಲಿ: ಬಿಂದಿಗೆ ಸಾಲಿಗೆ ಇಟ್ಟವರು ಯಾರು ಅಂತ.