ಹಕ್ಕಿಜ್ವರದ ಭೂಪಟ: ಚುಕ್ಕೆ, ವರ್ತುಲ, ಬರಿದೆಡೆ

‘ಎಚ್‌5ಎನ್‌1’ ಎಂಬುದು ಭೂಪಟದ ತಲೆಬರಹ; ಹಕ್ಕಿಜ್ವರ ತರುವ ವೈರಾಣುವಿನ ಹೆಸರದು. ‘ಎಚ್’ ಎಂದರೆ ವೈರಾಣುವು ಜೀವಕೋಶಕ್ಕೆ ಅಂಟಿಕೊಳ್ಳಲು ಬಳಸುವ ಹೊರಮೈಯ ಪ್ರೋಟೀನು. ‘ಎನ್’ ಎಂದರೆ ಒಳಗೆ ಹುಟ್ಟಿದ ಹೊಸ ವೈರಾಣುಗಳು ಕೋಶದಿಂದ ಬಿಡಿಸಿಕೊಳ್ಳಲು ನೆರವಾಗುವ ಮತ್ತೊಂದು ಪ್ರೋಟೀನು. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಮಂದಿಗೆ ತಗುಲಿ 6 ಮಂದಿಯನ್ನು ಬಲಿಗೊಂಡಂದಿನಿಂದ ಇದು ಮನುಷ್ಯರ ರೋಗವೂ ಆಯಿತು.

ಇನ್ನು ‘ಚುಕ್ಕೆ’. ಇದು ಜ್ವರ ಬಂದವರೆಲ್ಲರ ಗುರುತಲ್ಲ. ಪ್ರಯೋಗಾಲಯದಲ್ಲಿ ಸೋಂಕು ದೃಢಪಟ್ಟ ಒಬ್ಬ ಮನುಷ್ಯನ ಗುರುತು. ಅದನ್ನು ಇಡುವ ನೆಲೆ ಯಾವುದೆಂಬುದು ವಿಚಾರಾರ್ಹ. 2021ರಲ್ಲಿ ಹರಿಯಾಣದ ಬಾಲಕನೊಬ್ಬ ದೆಹಲಿಯ ಏಮ್ಸ್‌ನಲ್ಲಿ ಅಸುನೀಗಿದನು. ಭಾರತದಲ್ಲಿ ಈ ವೈರಾಣುವಿನಿಂದಾದ ಮೊದಲ ಮಾನವ ಸಾವು ಅದು. ಚುಕ್ಕೆಯನ್ನು ದೆಹಲಿಯಲ್ಲಿ ಇಟ್ಟರೆ ಮರಣಸ್ಥಾನ ತಿಳಿಯುತ್ತದೆ, ಹರಿಯಾಣದಲ್ಲಿ ಇಟ್ಟರೆ ವಾಸಸ್ಥಾನ; ಸೋಂಕು ತಗುಲಿದ ತಾಣ ಇವೆರಡೂ ಅಲ್ಲದಿರಬಹುದು. 2025ರಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎಳೆಗೂಸು ತೀರಿಕೊಂಡಾಗ, ಹಸಿ ಕೋಳಿಮಾಂಸ ಬಾಯಿಗೆ ಹೋದ ಸಂಗತಿ ಮನೆಯವರನ್ನು ಕೇಳಿದ ಬಳಿಕವೇ ತಿಳಿದದ್ದು. ಆದುದರಿಂದ ಚುಕ್ಕೆಗೆ ಆಧಾರ ಯಂತ್ರವಷ್ಟೇ ಅಲ್ಲ, ಮನೆಬಾಗಿಲಿಗೆ ಹೋಗಿ ಕೇಳುವ ಆರೋಗ್ಯ ಕಾರ್ಯಕರ್ತೆಯ ತಾಳ್ಮೆಯೂ ಹೌದು.

‘ವರ್ತುಲ’ವು ಹಕ್ಕಿಗಳದು. ಭೋಪಾಲದ ಪ್ರಯೋಗಾಲಯವು ಸತ್ತ ಕೋಳಿಯಲ್ಲಿ ರೋಗವನ್ನು ದೃಢಪಡಿಸಿದೊಡನೆ ಸುತ್ತಣ 1 ಕಿ.ಮೀ. ಸೋಂಕಿತ ವಲಯ, ಅದರಾಚೆ 10 ಕಿ.ಮೀ. ತನಕ ನಿಗಾ ವಲಯ. 2012ರಲ್ಲಿ ಹೆಸರಘಟ್ಟ, 2020ರಲ್ಲಿ ಹರಿಹರದ ಬನ್ನಿಕೋಡು, 2025ರಲ್ಲಿ ಸಂಡೂರಿನ ಕುರೇಕುಪ್ಪ ಇಂಥ ರೋಗತಾಣಗಳಾದವು. ಚುಕ್ಕೆ ವರ್ತುಲದೊಳಗಿದ್ದರೆ ಕಾರಣವನ್ನು ಹಕ್ಕಿಯ ಬಳಿ ಹುಡುಕಬೇಕು. ಹೊರಗಿದ್ದರೆ, ಯಾರೂ ವರದಿ ಮಾಡದ ಕೋಳಿಗಳ ಸಾವು ಅಲ್ಲೆಲ್ಲೋ ಇರಬಹುದು. ವರ್ತುಲವಿಲ್ಲದೆಡೆ ಚುಕ್ಕೆಗಳು ಗುಂಪುಗೂಡಿದರೆ ಮನುಷ್ಯನಿಂದ ಮನುಷ್ಯನಿಗೆ ಹಬ್ಬುತ್ತಿದೆಯೇ ಎಂಬ ಶಂಕೆ ಏಳುತ್ತದೆ; ಹಾಗೆ ಎಡೆಬಿಡದೆ ಹಬ್ಬಿದ್ದು ಈವರೆಗೆ ಕಂಡಿಲ್ಲ.

ಕಡೆಯದು ‘ಬರಿದೆಡೆ’, ಅರ್ಥಾತ್ ಗುರುತಿಲ್ಲದ ನೆಲ. ಗದಗ ಜಿಲ್ಲೆಯ ಕೋಟುಮಚಗಿ ಗ್ರಾಮ ಇಂಥ ಎಡೆ. ಬರಿದೆಂದರೆ ರೋಗವಿಲ್ಲವೆಂಬ ಪ್ರಮಾಣವಲ್ಲ, ದೃಢಪಟ್ಟ ವರದಿ ಇಲ್ಲವೆಂದಷ್ಟೇ ಅರ್ಥ. ಇದೇ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2005ರಲ್ಲಿ ಚೀನದ ಚಿಂಘಾಯ್ ಸರೋವರದಲ್ಲಿ ಈ ವೈರಾಣುವಿಗೆ ರಾಶಿರಾಶಿಯಾಗಿ ಬಲಿಯಾದ ಹಕ್ಕಿಗಳಲ್ಲಿ ಇದೇ ಜಾತಿಯವು ಬಹಳ. ಇದು ಹೆಬ್ಬಾತಿನ ಮೇಲಣ ದೋಷಾರೋಪವಲ್ಲ. ರೋಗವನ್ನು ಸಾಗಿಸುವಲ್ಲಿ ಕೋಳಿ ವ್ಯಾಪಾರದ ಪಾಲೂ ದೊಡ್ಡದು. ಕೆರೆದಂಡೆಯಲ್ಲೋ ಹಿತ್ತಿಲಲ್ಲೋ ಹಕ್ಕಿಗಳು ಒಮ್ಮೆಲೇ ಸತ್ತುಬಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿದಾಗಲೇ, ಪರೀಕ್ಷೆ ನಡೆದು, ಆ ಬರಿದೆಡೆಯಲ್ಲಿ ರೋಗ ಉಂಟೋ ಇಲ್ಲವೋ ಎಂಬುದು ನಿಶ್ಚಯವಾಗುತ್ತದೆ.